ನ್ಯೂ ಬ್ರನ್ಸ್‌ವಿಕ್‌ನ ಸಿವಿಲ್ ಪ್ಯಾರಿಶ್: ಗಡಿ ಯಾವುದು, ಆಡಳಿತ ಯಾರದು? (ಪದೇ ಪದೇ ಕೇಳುವ ಪ್ರಶ್ನೆಗಳು)

ಕೆನಡಾದ ಪೂರ್ವ ಕರಾವಳಿಯ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಪಟ್ಟಣದ ಹೊರಗೆ ಮನೆಯನ್ನೋ ಜಮೀನನ್ನೋ ಕೊಳ್ಳಲು ಹೊರಟವರ ಕೈಗೆ ಬರುವ ಮೊದಲ ಕಾಗದದಲ್ಲೇ ‘ಪ್ಯಾರಿಶ್’ ಎಂಬ ಪದ ಎದುರಾಗುತ್ತದೆ. ಕ್ರಯಪತ್ರದಲ್ಲಿ ಇಂಥ ಕೌಂಟಿಯ ಇಂಥ ಪ್ಯಾರಿಶ್‌ನಲ್ಲಿರುವ ಜಮೀನು ಎಂದು ಬರೆದಿರುತ್ತದೆ. ಆದರೆ ತೆರಿಗೆ ಚೀಟಿಯಲ್ಲಿ ಬೇರೊಂದು ಹೆಸರು, ಅಂಚೆ ವಿಳಾಸದಲ್ಲಿ ಮತ್ತೊಂದು ಹೆಸರು. ಓದಲೆಂದೋ ಕೆಲಸಕ್ಕೆಂದೋ ಮಾಂಕ್ಟನ್, ಫ್ರೆಡರಿಕ್ಟನ್, ಸೇಂಟ್ ಜಾನ್ ನಗರಗಳಿಗೆ ಬಂದು ನೆಲೆಸಿ, ಈಗ ಹಳ್ಳಿಯ ಕಡೆ ಮನೆ ಹುಡುಕುತ್ತಿರುವ ಕನ್ನಡಿಗರು ಕೇಳುವ ಪ್ರಶ್ನೆಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ಪುಟವನ್ನು ಬರೆಯಲಾಗಿದೆ. ಉದಾಹರಣೆಗೆಂದು ಕಿಂಗ್ಸ್ ಕೌಂಟಿಯ ಕಿಂಗ್‌ಸ್ಟನ್ ಪ್ಯಾರಿಶ್ ಅನ್ನು ಆರಿಸಿಕೊಂಡಿದ್ದೇವೆ. ಅಗತ್ಯವಿದ್ದಲ್ಲಿ ಬೇರೆ ಪ್ಯಾರಿಶ್‌ಗಳ ಕಡೆಗೂ ನೋಡಿದ್ದೇವೆ.

ಸಿವಿಲ್ ಪ್ಯಾರಿಶ್ ಎಂದರೇನು? ಅದಕ್ಕೂ ಚರ್ಚಿಗೂ ಸಂಬಂಧವಿದೆಯೇ?

ಸಿವಿಲ್ ಪ್ಯಾರಿಶ್ ಎಂದರೆ ಕೌಂಟಿಯೊಂದನ್ನು ಭಾಗ ಮಾಡಿ ಕಾನೂನಿನ ಮೂಲಕ ಗುರುತಿಸಿದ ಭೂಭಾಗ. ಇಂದಿನ ಮಟ್ಟಿಗೆ ಅದಕ್ಕೆ ಚುನಾಯಿತ ಸಭೆಯಿಲ್ಲ, ಕಚೇರಿಯಿಲ್ಲ, ನೌಕರರಿಲ್ಲ, ಬಜೆಟ್ಟಿಲ್ಲ. ಕರ್ನಾಟಕದ ಓದುಗರಿಗೆ ಹೋಬಳಿಯ ನೆನಪಾಗಬಹುದು. ಹೋಬಳಿಗೂ ಚುನಾಯಿತ ಸಭೆಯಿಲ್ಲ ನಿಜ, ಆದರೆ ಅಲ್ಲಿ ನಾಡಕಚೇರಿಯಾದರೂ ಇರುತ್ತದೆ. ಪ್ಯಾರಿಶ್‌ನಲ್ಲಿ ಅದೂ ಇಲ್ಲ.

ಚರ್ಚಿನ ಸಂಬಂಧ ಹೆಸರಿನಲ್ಲಿ ಇದೆ, ಕೆಲಸದಲ್ಲಿ ಇಲ್ಲ. 1784ರಲ್ಲಿ ನೋವಾ ಸ್ಕೋಷಿಯಾದಿಂದ ಬೇರ್ಪಟ್ಟು ನ್ಯೂ ಬ್ರನ್ಸ್‌ವಿಕ್ ಪ್ರತ್ಯೇಕ ವಸಾಹತಾದಾಗ ಅದನ್ನು ಕಟ್ಟಿದವರು ಬಹುಮಟ್ಟಿಗೆ ಅಮೆರಿಕದ ಕ್ರಾಂತಿಯ ಕಾಲದಲ್ಲಿ ಬ್ರಿಟಿಷ್ ದೊರೆಯ ಪಕ್ಷ ವಹಿಸಿ, ಸೋತು, ಉತ್ತರಕ್ಕೆ ಬಂದ ಲಾಯಲಿಸ್ಟರು. ಇಂಗ್ಲೆಂಡಿನ ಚರ್ಚಿಗೆ ಇಲ್ಲಿ ಕಾನೂನಿನ ಮಾನ್ಯತೆ ಕೊಟ್ಟು, ಆ ದೇಶದ ಪದ್ಧತಿಯಂತೆ ನಾಡನ್ನು ಪ್ಯಾರಿಶ್‌ಗಳಾಗಿ ಹಂಚಿದರು. ಇಂದು ಕ್ಯಾಥೊಲಿಕ್ ಅಥವಾ ಆಂಗ್ಲಿಕನ್ ಚರ್ಚುಗಳಿಗೆ ಅವುಗಳದೇ ಆದ ಪ್ಯಾರಿಶ್‌ಗಳಿವೆ, ಅವುಗಳ ಗಡಿ ಬೇರೆ. ಫ್ರೆಂಚ್ ಮಾತನಾಡುವ ಅಕಾಡಿಯನ್ ಊರುಗಳಲ್ಲಿ ಎರಡಕ್ಕೂ ‘ಪರುವಾಸ್’ ಎಂಬ ಒಂದೇ ಪದ ಬಳಕೆಯಲ್ಲಿರುವುದರಿಂದ ಗೊಂದಲ ಇನ್ನೂ ಹೆಚ್ಚು.

ಪ್ಯಾರಿಶ್‌ಗಳು ಎಷ್ಟಿವೆ? ಕೌಂಟಿಗಳಿಗೂ ಅವುಗಳಿಗೂ ಏನು ಸಂಬಂಧ?

ಪ್ರಾಂತ್ಯದಲ್ಲಿ 15 ಕೌಂಟಿಗಳಿವೆ, ಅವುಗಳೊಳಗೆ ಸುಮಾರು 150 ಪ್ಯಾರಿಶ್‌ಗಳಿವೆ. ಆರಂಭದಲ್ಲಿದ್ದದ್ದು ಎಂಟೇ ಕೌಂಟಿಗಳು: ಸೇಂಟ್ ಜಾನ್, ವೆಸ್ಟ್‌ಮರ್‌ಲ್ಯಾಂಡ್, ಶಾರ್ಲಟ್, ನಾರ್ತಂಬರ್‌ಲ್ಯಾಂಡ್, ಕಿಂಗ್ಸ್, ಕ್ವೀನ್ಸ್, ಯಾರ್ಕ್ ಮತ್ತು ಸನ್‌ಬರಿ. ಜನ ಹೆಚ್ಚಿದಂತೆ ದೊಡ್ಡ ಕೌಂಟಿಗಳನ್ನು ಒಡೆದು ಹೊಸದನ್ನು ಮಾಡಿದರು. ವೆಸ್ಟ್‌ಮರ್‌ಲ್ಯಾಂಡ್‌ನಿಂದ 1845ರಲ್ಲಿ ಬೇರೆಯಾದದ್ದು ಆಲ್ಬರ್ಟ್. ಕೊನೆಯದಾಗಿ 1873ರಲ್ಲಿ ಬಂದದ್ದು ಮಡವಾಸ್ಕಾ. ಮೊದಲ ಪ್ಯಾರಿಶ್‌ಗಳು 1786ರ ಶಾಸನದಿಂದ ಹುಟ್ಟಿದವು, ಅವುಗಳಲ್ಲಿ ಕಿಂಗ್‌ಸ್ಟನ್ ಒಂದು. ಮುಂದೆ ಅವೂ ಒಡೆದವು. ಸಸೆಕ್ಸ್ ಪ್ಯಾರಿಶ್‌ನಿಂದ 1840ರಲ್ಲಿ ಹುಟ್ಟಿದ ಸ್ಟಡಮ್‌ಗೆ, ಸೇಂಟ್ ಜಾನ್ ಬಂದರಿನ ಮೇಲಿನ ಹೋ ಕೋಟೆಯ ಅಧಿಕಾರಿಯಾಗಿದ್ದ ಗಿಲ್‌ಫ್ರೆಡ್ ಸ್ಟಡಮ್‌ನ ಹೆಸರಿಟ್ಟರು.

ಕಿಂಗ್‌ಸ್ಟನ್ ಪ್ಯಾರಿಶ್ ಎಲ್ಲಿದೆ, ಹೇಗಿದೆ?

ಸೇಂಟ್ ಜಾನ್ ನದಿ ಮತ್ತು ಕೆನಬೆಕೇಸಿಸ್ ನದಿಗಳ ನಡುವೆ ನಾಲಿಗೆಯಂತೆ ಚಾಚಿಕೊಂಡ ಭೂಭಾಗಕ್ಕೆ ಕಿಂಗ್‌ಸ್ಟನ್ ಪರ್ಯಾಯ ದ್ವೀಪ ಎಂದು ಹೆಸರು. ಸೇಂಟ್ ಜಾನ್ ನಗರದ ಕಡೆಯಿಂದ ಹೋಗುವವರು ಸಾಮಾನ್ಯವಾಗಿ ಗಾಂಡೊಲಾ ಪಾಯಿಂಟ್‌ನಲ್ಲಿ ಕಾರನ್ನು ಕೇಬಲ್ ದೋಣಿಯ ಮೇಲೆ ಹತ್ತಿಸಿ ಕೆನಬೆಕೇಸಿಸ್ ದಾಟುತ್ತಾರೆ. ನೀರಿನಡಿ ಮಲಗಿರುವ ಉಕ್ಕಿನ ಹಗ್ಗವನ್ನು ಹಿಡಿದುಕೊಂಡೇ ದೋಣಿ ಆಚೆ ದಡಕ್ಕೆ ಹೋಗುತ್ತದೆ. ಕೆಲವೇ ನಿಮಿಷ, ದುಡ್ಡೂ ಇಲ್ಲ, ಏಕೆಂದರೆ ಪ್ರಾಂತ್ಯ ಸರ್ಕಾರ ಅದನ್ನು ಹೆದ್ದಾರಿಯ ಒಂದು ತುಂಡೆಂದೇ ಪರಿಗಣಿಸುತ್ತದೆ. ಈ ಬಗೆಯ ದೋಣಿಯನ್ನು 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ವಿಲಿಯಂ ಪಿಟ್ ಇದೇ ದಡದವನು.

ಕಿಂಗ್‌ಸ್ಟನ್ ಹಳ್ಳಿ ಒಂದು ಕಾಲಕ್ಕೆ ಇಡೀ ಕಿಂಗ್ಸ್ ಕೌಂಟಿಯ ಕೇಂದ್ರಸ್ಥಾನವಾಗಿತ್ತು. ನ್ಯಾಯಾಲಯ, ಸೆರೆಮನೆ ಎರಡೂ ಇಲ್ಲಿಯೇ ಇದ್ದವು. ರೈಲು ಬಂದಮೇಲೆ ವ್ಯಾಪಾರ ಆ ಕಡೆ ವಾಲಿತು, 1871ರಲ್ಲಿ ಕೇಂದ್ರಸ್ಥಾನ ಹ್ಯಾಂಪ್ಟನ್‌ಗೆ ಹೋಯಿತು. ಲಾಯಲಿಸ್ಟರು 1789ರಲ್ಲಿ ಕಟ್ಟಿದ ಟ್ರಿನಿಟಿ ಚರ್ಚ್ ಗುಡ್ಡದ ಮೇಲೆ ಈಗಲೂ ನಿಂತಿದೆ. ಪ್ಯಾರಿಶ್‌ನ ಜನಸಂಖ್ಯೆ ಸುಮಾರು 3,000. ಮನೆಗಳು ಹೆಚ್ಚಾಗಿ ನೀರಿನ ಅಂಚಿನಲ್ಲೂ ರಸ್ತೆಯ ಉದ್ದಕ್ಕೂ ಚದುರಿವೆ, ನಡುವೆ ಕಾಡು.

ಪರ್ಯಾಯ ದ್ವೀಪವೂ ಪ್ಯಾರಿಶ್ ಕೂಡ ಒಂದೇ ಎಂದು ಭಾವಿಸುವುದು ಎಲ್ಲರೂ ಮಾಡುವ ತಪ್ಪು. ಪಕ್ಕದ ವೆಸ್ಟ್‌ಫೀಲ್ಡ್ ಪ್ಯಾರಿಶ್ ಸೇಂಟ್ ಜಾನ್ ನದಿಯ ಎರಡೂ ದಡಗಳಲ್ಲಿ ಹರಡಿದ್ದು, ಪರ್ಯಾಯ ದ್ವೀಪದ ತುದಿ ಅದರ ಪಾಲಿಗೆ ಬರುತ್ತದೆ. ಊರಿನವರು ‘ಪೆನಿನ್ಸುಲಾ’ ಎಂದಾಗ ಅವರ ಮನಸ್ಸಿನಲ್ಲಿರುವುದು ನೆಲದ ಆಕಾರ, ಕಾಗದದ ಮೇಲಿನ ಗೆರೆಯಲ್ಲ.

ಪ್ಯಾರಿಶ್‌ನ ಗಡಿಯನ್ನು ಎಲ್ಲಿ ಬರೆದಿಟ್ಟಿದ್ದಾರೆ?

ಪ್ರಾಂತ್ಯದ ‘ಟೆರಿಟೋರಿಯಲ್ ಡಿವಿಷನ್ ಆಕ್ಟ್’ ಎಂಬ ಕಾಯ್ದೆಯಲ್ಲಿ ಪ್ರತಿ ಕೌಂಟಿಯ, ಪ್ರತಿ ಪ್ಯಾರಿಶ್‌ನ ಗಡಿಯೂ ಮಾತಿನಲ್ಲಿ ವಿವರಿಸಲ್ಪಟ್ಟಿದೆ. ನಕಾಶೆಗಳು ಆ ಮಾತನ್ನು ಅನುಸರಿಸಿ ಬಂದವು. ನಮ್ಮ ಕಡೆಯ ಹಳೆಯ ಪತ್ರಗಳಲ್ಲಿ ಚಕ್ಕುಬಂದಿ ಬರೆಯುವ ರೀತಿಯನ್ನು ಬಲ್ಲವರಿಗೆ ಇದನ್ನು ಓದುವುದು ಕಷ್ಟವಾಗದು: ಇಂಥ ನದಿಯ ನಡುವಿನಿಂದ ಹೊರಟು, ಇಂಥವನಿಗೆ ದೊರೆಯ ಸರ್ಕಾರ ಮಂಜೂರು ಮಾಡಿದ ಜಮೀನಿನ ನೈರುತ್ಯ ಮೂಲೆಯನ್ನು ಮುಟ್ಟಿ, ಅಲ್ಲಿಂದ ಇಷ್ಟು ಡಿಗ್ರಿ ಪೂರ್ವಕ್ಕೆ ಸಾಗಿ, ಪಕ್ಕದ ಪ್ಯಾರಿಶ್‌ನ ಗೆರೆಯನ್ನು ಸೇರುವವರೆಗೆ ಎಂಬಂಥ ವಾಕ್ಯಗಳು ಸಾಲುಸಾಲಾಗಿ ಬರುತ್ತವೆ. ಆ ಜಮೀನನ್ನು ಪಡೆದವನು ಸತ್ತು ಇನ್ನೂರು ವರ್ಷಗಳಾಗಿರಬಹುದು, ಅವನ ವಂಶದವರು ಬೇರೆ ಪ್ರಾಂತ್ಯಕ್ಕೆ ಹೋಗಿರಬಹುದು, ಆದರೂ ಕಾನೂನಿನಲ್ಲಿ ಅವನ ಬೇಲಿಯ ಮೂಲೆ ಇನ್ನೂ ಸಾಕ್ಷಿಯಾಗಿ ನಿಂತಿದೆ.

ದಿಕ್ಸೂಚಿಯನ್ನು ನಂಬಿ ಎಳೆದ ಗೆರೆಗಳಲ್ಲಿ ಒಂದು ತೊಡಕಿದೆ. ಕಾಂತೀಯ ಉತ್ತರ ಒಂದೇ ಕಡೆ ನಿಲ್ಲುವುದಿಲ್ಲ, ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. ಹಾಗಾಗಿ 19ನೆಯ ಶತಮಾನದಲ್ಲಿ ಸೂಜಿ ನೋಡಿ ಎಳೆದ ಗೆರೆಯನ್ನು ಇಂದಿನ ಸೂಜಿ ಹಿಡಿದು ಹುಡುಕಿದರೆ ಅದು ಬೇರೆಲ್ಲೋ ಹೋಗಿ ಮುಟ್ಟುತ್ತದೆ. ಸರ್ವೆಯವರು ಗೆರೆ ಎಳೆದ ವರ್ಷವನ್ನು ಲೆಕ್ಕಕ್ಕೆ ಹಿಡಿದು ತಿದ್ದುಪಡಿ ಮಾಡಿಕೊಳ್ಳಬೇಕಾಗುತ್ತದೆ.

ಗಡಿಯ ಮೇಲೆ ಕಲ್ಲು ಅಥವಾ ಫಲಕ ಇರುತ್ತದೆಯೇ?

ರಸ್ತೆಬದಿಯಲ್ಲಿ ಕೆಲವೆಡೆ ಕೌಂಟಿಯ ಹೆಸರಿನ ಫಲಕ ಕಾಣಬಹುದು. ಪ್ಯಾರಿಶ್ ಗಡಿ ದಾಟಿದ್ದು ಸಾಮಾನ್ಯವಾಗಿ ಯಾರಿಗೂ ಗೊತ್ತಾಗುವುದಿಲ್ಲ. ಪ್ರಾಂತ್ಯದ ನೆಲದಲ್ಲಿ ಸುಮಾರು ಅರ್ಧ ಸರ್ಕಾರಿ ಅರಣ್ಯ. ಎಷ್ಟೋ ಪ್ಯಾರಿಶ್ ಗೆರೆಗಳು ಸ್ಪ್ರೂಸ್ ಮರಗಳ ನಡುವೆ, ಮೂಸ್‌ಗಳು ಓಡಾಡುವ ಜೌಗಿನ ಮೇಲೆ ಹಾದುಹೋಗುತ್ತವೆ.

ಗಡಿ ಬದಲಾಗಬಹುದೇ?

ಬದಲಾಯಿಸುವ ಅಧಿಕಾರ ಪ್ರಾಂತೀಯ ಶಾಸನಸಭೆಯದು, ಅದೂ ಕಾಯ್ದೆಗೆ ತಿದ್ದುಪಡಿ ತಂದ ಮೇಲೆ. ಕೆಳಗೆ ವಿವರಿಸಿರುವ 2023ರ ಸುಧಾರಣೆ ಸ್ಥಳೀಯ ಆಡಳಿತಗಳ ಗಡಿಯನ್ನು ಪೂರ್ತಿ ಹೊಸದಾಗಿ ಎಳೆಯಿತಾದರೂ ಪ್ಯಾರಿಶ್‌ಗಳ ಗಡಿಯನ್ನು ಮುಟ್ಟಲಿಲ್ಲ. ಇಂದಿನ ಗೊಂದಲಕ್ಕೆಲ್ಲ ಮೂಲ ಇದೇ: ನಾಡಿನ ಮೇಲೆ ಈಗ ಎರಡು ಜಾಲರಿಗಳಿವೆ, ಒಂದರ ಗೆರೆ ಇನ್ನೊಂದರ ಗೆರೆಯ ಮೇಲೆ ಕೂರುವುದಿಲ್ಲ.

ಪ್ಯಾರಿಶ್‌ಗೆ ಎಂದಾದರೂ ನಿಜವಾದ ಅಧಿಕಾರ ಇತ್ತೇ?

ಇತ್ತು, ಇಂದು ಊಹಿಸಲಾಗದಷ್ಟು. ವಸಾಹತು ಕಾಲದಲ್ಲಿ ಕೌಂಟಿಯ ಮ್ಯಾಜಿಸ್ಟ್ರೇಟರು ‘ಜನರಲ್ ಸೆಷನ್ಸ್’ ಎಂಬ ನ್ಯಾಯಾಲಯದಲ್ಲಿ ಕೂತು ಪ್ರತಿ ಪ್ಯಾರಿಶ್‌ಗೂ ಅಧಿಕಾರಿಗಳನ್ನು ನೇಮಿಸುತ್ತಿದ್ದರು. ಕಾನ್‌ಸ್ಟೇಬಲ್, ರಸ್ತೆಗಳ ಮೇಲ್ವಿಚಾರಕ, ಬೇಲಿ ನೋಡುವವನು, ಬೀಡಾಡಿ ದನಗಳನ್ನು ಕೂಡಿಹಾಕುವ ದೊಡ್ಡಿಯ ಕಾವಲುಗಾರ, ಬಡವರ ಮೇಲ್ವಿಚಾರಕ ಹೀಗೆ. ಸಂಬಳವೆಂದು ಹೇಳಿಕೊಳ್ಳುವಂಥದ್ದು ಇರಲಿಲ್ಲ. ಊರಿನ ಗಂಡಸರು ಒಬ್ಬರಾದ ಮೇಲೊಬ್ಬರು ಈ ಹೊಣೆಯನ್ನು ಹೊರಬೇಕಿತ್ತು. ರಸ್ತೆ ಕೆಲಸಕ್ಕೆ ವರ್ಷಕ್ಕೆ ಇಂತಿಷ್ಟು ದಿನ ಗುದ್ದಲಿ ಹಿಡಿದು ಬರಬೇಕೆಂಬ ಕಾನೂನೂ ಇತ್ತು. ಅದನ್ನು ಬಿಟ್ಟಿ ಎಂದು ಕರೆದರೆ ತಪ್ಪಾಗದು.

ಇವುಗಳಲ್ಲಿ ಗಡಿಯ ಗೆರೆ ಜೀವನವನ್ನೇ ತಟ್ಟುತ್ತಿದ್ದದ್ದು ಬಡವರ ವಿಷಯದಲ್ಲಿ. ಪ್ರತಿ ಪ್ಯಾರಿಶ್ ತನ್ನ ಬಡವರನ್ನು ತಾನೇ ಸಾಕಬೇಕು ಎಂಬುದು ಇಂಗ್ಲೆಂಡಿನಿಂದ ಬಂದ ನಿಯಮ. ವಯಸ್ಸಾದ ವಿಧವೆಯೋ, ಕೈಕಾಲು ಆಡದ ಕೂಲಿಯವನೋ ಗಡಿಯ ಯಾವ ಕಡೆಗೆ ಸೇರಿದವರು ಎಂಬುದರ ಮೇಲೆ ಅವರ ಅನ್ನದ ಖರ್ಚು ಯಾರ ತಲೆಯ ಮೇಲೆ ಎಂಬುದು ತೀರ್ಮಾನವಾಗುತ್ತಿತ್ತು. ಆದ್ದರಿಂದಲೇ ಅಕ್ಕಪಕ್ಕದ ಪ್ಯಾರಿಶ್‌ಗಳು ಅವರು ನಮ್ಮವರಲ್ಲ ಎಂದು ವಾದಿಸುವುದಕ್ಕೆ ಹಿಂಜರಿಯುತ್ತಿರಲಿಲ್ಲ. ಬಡವರ ಮನೆ ಕಟ್ಟುವಷ್ಟು ಹಣವಿಲ್ಲದ ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ ಹರಾಜು ನಡೆಯುತ್ತಿತ್ತು. ಇಲ್ಲಿ ಕೂಗು ಮೇಲಕ್ಕೆ ಏರುವುದಿಲ್ಲ, ಕೆಳಕ್ಕೆ ಇಳಿಯುತ್ತದೆ: ಪ್ಯಾರಿಶ್‌ನಿಂದ ಅತ್ಯಂತ ಕಡಿಮೆ ಹಣ ಪಡೆದು ಈ ವ್ಯಕ್ತಿಯನ್ನು ಒಂದು ವರ್ಷ ಇಟ್ಟುಕೊಳ್ಳುತ್ತೇನೆ ಎಂದವನಿಗೆ ಆ ವ್ಯಕ್ತಿ ಒಪ್ಪಿಸಲ್ಪಡುತ್ತಿದ್ದ. ಉಣ್ಣುವ ಬಾಯಿಗಿಂತ ದುಡಿಯುವ ಕೈಯನ್ನೇ ನೋಡಿ ಕೂಗುವವರು ಹೆಚ್ಚಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ. ಕಿಂಗ್ಸ್ ಕೌಂಟಿಯಲ್ಲಿ 19ನೆಯ ಶತಮಾನದ ಕೊನೆಯ ದಶಕಗಳವರೆಗೂ ಇದು ನಡೆಯಿತು.

ಕೌಂಟಿಗಳಲ್ಲಿ ಚುನಾಯಿತ ಕೌನ್ಸಿಲ್ ಇರಲೇಬೇಕೆಂದು 1877ರಲ್ಲಿ ಕಾನೂನಾಯಿತು. ಅಂದಿನಿಂದ ಪ್ರತಿ ಪ್ಯಾರಿಶ್ ತನ್ನ ಪ್ರತಿನಿಧಿಗಳನ್ನು ಆರಿಸಿ ಕೌಂಟಿ ಕೌನ್ಸಿಲ್‌ಗೆ ಕಳಿಸತೊಡಗಿತು. ಪ್ಯಾರಿಶ್ ಆಗ ಒಂದು ಮತಕ್ಷೇತ್ರವಾಯಿತು, ಸ್ವಂತ ಸರ್ಕಾರವಾಗಲಿಲ್ಲ.

ಹಾಗಾದರೆ ಕೌಂಟಿ ಕೌನ್ಸಿಲ್‌ಗಳು ಈಗ ಎಲ್ಲಿ?

ಅವು 1967ರ ಜನವರಿ 1ರಂದು ಇಲ್ಲವಾದವು. ಶಾಲೆ, ಬಡವರ ನೆರವು, ಆಸ್ಪತ್ರೆಯಂಥ ಖರ್ಚುಗಳಲ್ಲಿ ದೊಡ್ಡ ಪಾಲು ಆಯಾ ಕೌಂಟಿಯ ಆಸ್ತಿ ತೆರಿಗೆಯಿಂದಲೇ ಬರಬೇಕಿದ್ದುದರಿಂದ, ಶ್ರೀಮಂತ ಕೌಂಟಿಯ ಮಗುವಿಗೆ ಸಿಗುವ ಶಾಲೆಗೂ ಈಶಾನ್ಯದ ಬಡ ಅಕಾಡಿಯನ್ ಕೌಂಟಿಯ ಮಗುವಿಗೆ ಸಿಗುವ ಶಾಲೆಗೂ ಅಜಗಜಾಂತರವಿತ್ತು. 1960ರಲ್ಲಿ ಪ್ರೀಮಿಯರ್ (ಪ್ರಾಂತ್ಯದ ಮುಖ್ಯಮಂತ್ರಿ) ಆದ ಲೂಯಿ ರೋಬಿಷೋ, ಚುನಾವಣೆಯಲ್ಲಿ ಗೆದ್ದು ಆ ಹುದ್ದೆಗೇರಿದ ಮೊದಲ ಅಕಾಡಿಯನ್. ಅವರ ಸರ್ಕಾರ ನೇಮಿಸಿದ ಎಡ್ವರ್ಡ್ ಬರ್ನ್ ಆಯೋಗ 1963ರಲ್ಲಿ ವರದಿ ಕೊಟ್ಟಿತು. ಅದರ ಆಧಾರದ ಮೇಲೆ ‘ಸಮಾನ ಅವಕಾಶ’ ಎಂಬ ಹೆಸರಿನ ಕಾರ್ಯಕ್ರಮದಲ್ಲಿ ಶಿಕ್ಷಣ, ಆರೋಗ್ಯ, ಸಮಾಜ ಕಲ್ಯಾಣ, ನ್ಯಾಯಾಡಳಿತ ನಾಲ್ಕನ್ನೂ ಪ್ರಾಂತ್ಯ ತನ್ನ ಕೈಗೆ ತೆಗೆದುಕೊಂಡು ಕೌಂಟಿ ಕೌನ್ಸಿಲ್‌ಗಳನ್ನು ರದ್ದುಮಾಡಿತು.

ಉದ್ದೇಶ ನ್ಯಾಯವಾದದ್ದೇ. ಆದರೆ ಒಂದು ಬೆಲೆ ತೆರಬೇಕಾಯಿತು: ನಗರ, ಪಟ್ಟಣ, ವಿಲೇಜ್ ಎಂಬ ಸಂಸ್ಥೆಗಳ ಹೊರಗಿದ್ದ ಹಳ್ಳಿಗರಿಗೆ ಸ್ಥಳೀಯವಾಗಿ ಮತ ಹಾಕಲು ಯಾವ ಸಭೆಯೂ ಉಳಿಯಲಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರು ಹಾಗೆಯೇ ಇದ್ದರು.

ಹಳೆಯ ಕಾಗದಗಳಲ್ಲಿ ‘ಲೋಕಲ್ ಸರ್ವೀಸ್ ಡಿಸ್ಟ್ರಿಕ್ಟ್’ ಎಂದಿದೆ. ಅದು ಪ್ಯಾರಿಶ್‌ನ ಇನ್ನೊಂದು ಹೆಸರೇ?

ಅಲ್ಲ. ಕೌಂಟಿಗಳು ಹೋದಮೇಲೆ ಹಳ್ಳಿಗಳಿಗೆ ಅಗ್ನಿಶಾಮಕ ಸೇವೆ, ಕಸ ಸಾಗಣೆ, ಬೀದಿದೀಪದಂಥವನ್ನು ಒದಗಿಸಲು ಪ್ರಾಂತ್ಯ ಸರ್ಕಾರ ಮಾಡಿಕೊಂಡ ಸೇವಾ ಜಿಲ್ಲೆಗಳು ಅವು. ಊರವರು ಸಭೆ ಸೇರಿ ಸಲಹಾ ಸಮಿತಿಯನ್ನು ಆರಿಸಬಹುದಿತ್ತು, ಆದರೆ ತೀರ್ಮಾನ ಸಚಿವರದು. ಅವುಗಳಲ್ಲಿ ಹಲವಕ್ಕೆ ‘ಪ್ಯಾರಿಶ್ ಆಫ್ ಕಿಂಗ್‌ಸ್ಟನ್ ಸ್ಥಳೀಯ ಸೇವಾ ಜಿಲ್ಲೆ’ ಎಂಬಂತೆ ಪ್ಯಾರಿಶ್‌ನ ಹೆಸರನ್ನೇ ಇಟ್ಟದ್ದರಿಂದ ಎರಡೂ ಒಂದೇ ಎಂಬ ಭಾವನೆ ಬೆಳೆಯಿತು. ಎಷ್ಟೋ ಕಡೆ ಒಂದೇ ಪ್ಯಾರಿಶ್‌ನೊಳಗೆ ಎರಡು ಮೂರು ಸೇವಾ ಜಿಲ್ಲೆಗಳೂ ಒಂದು ವಿಲೇಜೂ ಇರುತ್ತಿದ್ದವು. ಕೊನೆಯ ಹೊತ್ತಿಗೆ ಪ್ರಾಂತ್ಯದಲ್ಲಿ ಇಂಥ 236 ಜಿಲ್ಲೆಗಳಿದ್ದು, ಜನಸಂಖ್ಯೆಯ ಸುಮಾರು ಶೇ. 30ರಷ್ಟು ಮಂದಿ ಅವುಗಳಲ್ಲಿ ವಾಸವಾಗಿದ್ದರು.

2023ರಲ್ಲಿ ಏನು ಬದಲಾಯಿತು?

ಹಳ್ಳಿಗರಿಗೆ ಚುನಾಯಿತ ಸಭೆಯಿಲ್ಲದ ಈ ಸ್ಥಿತಿಯನ್ನು ಸರಿಪಡಿಸಬೇಕೆಂದು 2008ರಲ್ಲೇ ಜಾನ್-ಗಿ ಫಿನ್ ಅವರ ವರದಿ ಹೇಳಿತ್ತು. ಅದು ಬಹುಪಾಲು ಕಪಾಟಿನಲ್ಲಿ ಉಳಿಯಿತು. 2013ರಲ್ಲಿ 12 ಪ್ರಾದೇಶಿಕ ಸೇವಾ ಆಯೋಗಗಳು ಬಂದವು, ಅವು ಮುಖ್ಯವಾಗಿ ಕಸ ವಿಲೇವಾರಿ ಮತ್ತು ಭೂಬಳಕೆ ಯೋಜನೆಯನ್ನು ನೋಡಿಕೊಂಡವು. 2021ರ ನವೆಂಬರ್‌ನಲ್ಲಿ ಬ್ಲೇನ್ ಹಿಗ್ಸ್ ಸರ್ಕಾರದ ಸಚಿವ ಡೇನಿಯಲ್ ಅಲೇನ್ ಶ್ವೇತಪತ್ರ ಹೊರಡಿಸಿದರು. 2022ರ ನವೆಂಬರ್ 28ರಂದು ಹೊಸ ಕೌನ್ಸಿಲ್‌ಗಳಿಗೆ ಚುನಾವಣೆ ನಡೆಯಿತು, 2023ರ ಜನವರಿ 1ರಿಂದ ಹೊಸ ವ್ಯವಸ್ಥೆ ಜಾರಿಗೆ ಬಂತು.

ಅಲ್ಲಿಯವರೆಗೆ 104 ಸ್ಥಳೀಯ ಸರ್ಕಾರಗಳು ಮತ್ತು 236 ಸೇವಾ ಜಿಲ್ಲೆಗಳು, ಒಟ್ಟು 340 ಘಟಕಗಳಿದ್ದವು. ಈಗ 77 ಸ್ಥಳೀಯ ಸರ್ಕಾರಗಳೂ 12 ಗ್ರಾಮೀಣ ಜಿಲ್ಲೆಗಳೂ ಇವೆ. ಸೇವಾ ಜಿಲ್ಲೆ ಎಂಬ ಪದವೇ ಇತಿಹಾಸಕ್ಕೆ ಸೇರಿತು.

ಕಿಂಗ್‌ಸ್ಟನ್ ಪ್ಯಾರಿಶ್ ಈಗ ಯಾರ ಆಡಳಿತದಲ್ಲಿದೆ?

ಫಂಡಿ ಗ್ರಾಮೀಣ ಜಿಲ್ಲೆಯಲ್ಲಿದೆ, ಆ ಜಿಲ್ಲೆ ಫಂಡಿ ಪ್ರಾದೇಶಿಕ ಸೇವಾ ಆಯೋಗದ ಸದಸ್ಯ. ಗ್ರಾಮೀಣ ಜಿಲ್ಲೆಗೆ ಮೇಯರ್ ಇಲ್ಲ, ತೀರ್ಮಾನ ತೆಗೆದುಕೊಳ್ಳುವ ಕೌನ್ಸಿಲ್ ಇಲ್ಲ. ನಿವಾಸಿಗಳ ಸಲಹಾ ಸಮಿತಿಯೊಂದಿದೆ. ಅದರ ಅಧ್ಯಕ್ಷರು ಆಯೋಗದ ಮಂಡಳಿಯಲ್ಲಿ ಸುತ್ತಲಿನ ಮೇಯರ್‌ಗಳ ಜೊತೆ ಕೂರುತ್ತಾರೆ. ಸ್ಥಳೀಯ ಸೇವೆಗಳ ಖರ್ಚನ್ನೂ ತೆರಿಗೆ ದರವನ್ನೂ ಅಂತಿಮವಾಗಿ ನಿಗದಿ ಮಾಡುವುದು ಪ್ರಾಂತ್ಯದ ಸಚಿವರೇ. 1871ರವರೆಗೆ ಒಂದು ಕೌಂಟಿಯನ್ನು ಆಳಿದ ಊರಿಗೆ ಇಂದು ತನ್ನದೇ ಆದ ಚುನಾಯಿತ ಕೌನ್ಸಿಲ್ ಇಲ್ಲ ಎಂಬುದು ವಿಚಿತ್ರವೇ ಸರಿ. ಆದರೆ ಅಲ್ಲಿಯವರನ್ನು ಕೇಳಿದರೆ ಎಲ್ಲರೂ ಅದನ್ನು ನಷ್ಟವೆಂದು ಹೇಳುವುದಿಲ್ಲ: ಕೌನ್ಸಿಲ್ ಬಂದರೆ ತೆರಿಗೆ ಏರುತ್ತದೆ ಎಂಬ ಅಳುಕು ಹಳ್ಳಿಗಳಲ್ಲಿ ಆಳವಾಗಿ ಬೇರೂರಿದೆ.

ಬೇರೆ ಪ್ಯಾರಿಶ್‌ಗಳ ಗತಿಯೂ ಹೀಗೆಯೇ?

ಒಂದೊಂದರದು ಒಂದೊಂದು ಕಥೆ. ವೆಸ್ಟ್‌ಮರ್‌ಲ್ಯಾಂಡ್ ಕೌಂಟಿಯಲ್ಲಿ ಸ್ಯಾಕ್‌ವಿಲ್ ಪಟ್ಟಣ, ಡಾರ್ಚೆಸ್ಟರ್ ವಿಲೇಜ್ ಮತ್ತು ಸುತ್ತಲಿನ ಸೇವಾ ಜಿಲ್ಲೆಗಳನ್ನು ಕೂಡಿಸಿ ಟ್ಯಾಂಟ್ರಮಾರ್ ಎಂಬ ಹೊಸ ಪಟ್ಟಣ ಮಾಡಿದರು; ಅದರಲ್ಲಿ ಒಂದಕ್ಕಿಂತ ಹೆಚ್ಚು ಪ್ಯಾರಿಶ್‌ಗಳ ತುಂಡುಗಳಿವೆ. ಆಲ್ಬರ್ಟ್ ಕೌಂಟಿಯಲ್ಲಿ ಆಲ್ಮಾ, ಹಿಲ್ಸ್‌ಬರೊ, ರಿವರ್‌ಸೈಡ್-ಆಲ್ಬರ್ಟ್ ಎಂಬ ಮೂರು ವಿಲೇಜ್‌ಗಳೂ ಸುತ್ತಲಿನ ಹಳ್ಳಿನಾಡೂ ಸೇರಿ ಫಂಡಿ ಆಲ್ಬರ್ಟ್ ಆಯಿತು. ಹೆಸರಿನಲ್ಲಿ ‘ವಿಲೇಜ್’ ಎಂದಿದ್ದರೂ ಅದರ ಒಂದು ತುದಿಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಲು ಒಳ್ಳೆಯ ಹೊತ್ತು ಬೇಕು.

ಶಾರ್ಲಟ್ ಕೌಂಟಿಯ ಕ್ಯಾಂಪೊಬೆಲೊ ಇನ್ನೂ ಸ್ವಾರಸ್ಯದ್ದು. ಅದು ದ್ವೀಪವೂ ಹೌದು, ಪ್ಯಾರಿಶ್ ಕೂಡ ಹೌದು. 2010ರಲ್ಲಿ ‘ರೂರಲ್ ಕಮ್ಯೂನಿಟಿ’ ಎಂಬ ವರ್ಗದಡಿ ತನ್ನದೇ ಮೇಯರ್, ಕೌನ್ಸಿಲ್ ಪಡೆಯಿತು. ನೀರೇ ಗಡಿಯಾದ್ದರಿಂದ ಎರಡು ಜಾಲರಿಗಳೂ ಇಲ್ಲಿ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿವೆ. ಆದರೆ 1962ರಲ್ಲಿ ಕಟ್ಟಿದ ಸೇತುವೆ ಹೋಗಿ ಮುಟ್ಟುವುದು ಅಮೆರಿಕದ ಮೇನ್ ರಾಜ್ಯದ ಲುಬೆಕ್ ಊರನ್ನು. ದ್ವೀಪದವರು ವರ್ಷಪೂರ್ತಿ ರಸ್ತೆಯ ಮೇಲೆ ಸ್ವಂತ ಪ್ರಾಂತ್ಯದ ಉಳಿದ ಭಾಗಕ್ಕೆ ಹೋಗಬೇಕಾದರೆ ಪರದೇಶವನ್ನು ಹೊಕ್ಕು ಹೊರಬರಬೇಕು.

ಗ್ರಾಮೀಣ ಜಿಲ್ಲೆಯಲ್ಲಿ ರಸ್ತೆ, ಪೊಲೀಸ್, ಬೆಂಕಿ, ಕಸ ಯಾರ ಹೊಣೆ?

ರಸ್ತೆಯೂ ಅದರ ಮೇಲಿನ ಹಿಮವೂ ಪ್ರಾಂತ್ಯದ ಸಾರಿಗೆ ಇಲಾಖೆಯದು. ಮನೆಯ ದಾರಿಯ ಹಿಮ ನಿಮ್ಮದೇ. ಪೊಲೀಸ್ ಕೆಲಸವನ್ನು ಪ್ರಾಂತ್ಯದೊಂದಿಗಿನ ಒಪ್ಪಂದದಡಿ ಕೆನಡಾದ ರಾಷ್ಟ್ರೀಯ ಪೊಲೀಸ್ ದಳವಾದ ಆರ್‌ಸಿಎಂಪಿ ಮಾಡುತ್ತದೆ. ಬೆಂಕಿ ಬಿದ್ದರೆ ಬರುವವರು ಹೆಚ್ಚಾಗಿ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವರು. ಹಗಲು ಬೇರೆ ಕೆಲಸದಲ್ಲಿರುವ ನೆರೆಹೊರೆಯವರೇ ಕರೆ ಬಂದೊಡನೆ ಓಡುತ್ತಾರೆ. ಕಸ ಪ್ರಾದೇಶಿಕ ಸೇವಾ ಆಯೋಗದ ಪಾಲು. ಕುಡಿಯುವ ನೀರಿಗೆ ಸ್ವಂತ ಕೊಳವೆಬಾವಿ, ಕೊಳಚೆಗೆ ಸ್ವಂತ ಸೆಪ್ಟಿಕ್ ಟ್ಯಾಂಕ್. ಶಾಲೆಗಳು ಪ್ರಾಂತ್ಯದ ಏಳು ಶಾಲಾ ಜಿಲ್ಲೆಗಳಿಗೆ (ನಾಲ್ಕು ಇಂಗ್ಲಿಷ್, ಮೂರು ಫ್ರೆಂಚ್) ಸೇರಿವೆ, ಅವುಗಳ ಗಡಿಗೂ ಪ್ಯಾರಿಶ್‌ಗೂ ಸಂಬಂಧವಿಲ್ಲ.

ಆಸ್ತಿ ತೆರಿಗೆಯನ್ನು ಪ್ಯಾರಿಶ್‌ಗೆ ಕಟ್ಟಬೇಕೇ?

ಇಲ್ಲ. ಆಸ್ತಿಯ ಮೌಲ್ಯ ನಿಗದಿ ಮಾಡುವುದು ‘ಸರ್ವೀಸ್ ನ್ಯೂ ಬ್ರನ್ಸ್‌ವಿಕ್’ ಎಂಬ ಪ್ರಾಂತೀಯ ಸಂಸ್ಥೆ. ತೆರಿಗೆ ಚೀಟಿ ಮಾರ್ಚ್ 1ರಂದು ಹೊರಡುತ್ತದೆ, ಕಟ್ಟಲು ಮೇ 31 ಕೊನೆಯ ದಿನ. ನಗರ, ಪಟ್ಟಣ, ವಿಲೇಜ್‌ಗಳಲ್ಲಿ ಸ್ಥಳೀಯ ದರವನ್ನು ಅಲ್ಲಿಯ ಕೌನ್ಸಿಲ್ ತೀರ್ಮಾನಿಸಿದರೆ, ಗ್ರಾಮೀಣ ಜಿಲ್ಲೆಯಲ್ಲಿ ಪ್ರಾಂತ್ಯ ತೀರ್ಮಾನಿಸುತ್ತದೆ. ರಸ್ತೆ, ಪೊಲೀಸ್ ಮುಂತಾದವನ್ನು ಪ್ರಾಂತ್ಯವೇ ಒದಗಿಸುವುದರಿಂದ ಅದಕ್ಕೆ ತಗಲುವ ಮೊತ್ತವೂ ಚೀಟಿಯಲ್ಲಿ ಸೇರಿರುತ್ತದೆ. ದರವನ್ನು ಪ್ರತಿ 100 ಡಾಲರ್ ಮೌಲ್ಯಕ್ಕೆ ಇಷ್ಟು ಎಂದು ಹೇಳುತ್ತಾರೆ. ಮಾತಿಗೆ ದರ 1 ಡಾಲರ್ ಎಂದುಕೊಂಡರೆ 3,00,000 ಡಾಲರ್ ಮೌಲ್ಯದ ಮನೆಗೆ 3,000 ಡಾಲರ್. ಒಂದೇ ಪ್ಯಾರಿಶ್‌ನಲ್ಲಿರುವ, ಒಂದೇ ಬೆಲೆಯ ಎರಡು ಮನೆಗಳಿಗೆ ಬೇರೆ ಬೇರೆ ತೆರಿಗೆ ಬರುವುದು ಮಾಮೂಲು, ಏಕೆಂದರೆ ಒಂದು ಪಟ್ಟಣದ ಗೆರೆಯೊಳಗೆ, ಇನ್ನೊಂದು ಹೊರಗೆ.

ಮನೆ ಕಟ್ಟಲು ಪರವಾನಗಿ ಯಾರು ಕೊಡುತ್ತಾರೆ?

ಗ್ರಾಮೀಣ ಜಿಲ್ಲೆಯಲ್ಲಾದರೆ ಸಾಮಾನ್ಯವಾಗಿ ಪ್ರಾದೇಶಿಕ ಸೇವಾ ಆಯೋಗದ ಯೋಜನಾ ವಿಭಾಗ. ಸ್ಥಳೀಯ ಸರ್ಕಾರದ ವ್ಯಾಪ್ತಿಯಲ್ಲಾದರೆ ಅದು ಅಥವಾ ಅದರ ಪರವಾಗಿ ಆಯೋಗ. ಹೊಳೆ, ಕೆರೆ ಅಥವಾ ಜೌಗು ನೆಲದಿಂದ 30 ಮೀಟರ್‌ನೊಳಗೆ ಕೆಲಸ ಮಾಡುವುದಾದರೆ ಪ್ರಾಂತ್ಯದ ಪ್ರತ್ಯೇಕ ಅನುಮತಿ ಬೇಕು. ಕಿಂಗ್‌ಸ್ಟನ್‌ನಂಥ ನೀರಿನಂಚಿನ ಪ್ಯಾರಿಶ್‌ನಲ್ಲಿ ಜಮೀನು ಕೊಳ್ಳುವವರು ಇದನ್ನು ಮುಂಗಡ ಕೊಡುವ ಮೊದಲೇ ವಿಚಾರಿಸುವುದು ಒಳ್ಳೆಯದು. ನನಗೆ ಪರಿಚಯದ ಕನ್ನಡ ಕುಟುಂಬವೊಂದು ನದಿಯ ಕಡೆಗೆ ಮರದ ಜಗಲಿ ಕಟ್ಟಿಸಲು ಹೊರಟು, ಕ್ರಯಪತ್ರದಲ್ಲಿದ್ದ ಪ್ಯಾರಿಶ್ ಹೆಸರನ್ನು ಹಿಡಿದುಕೊಂಡು ಮೂರು ಕಚೇರಿಗಳನ್ನು ಸುತ್ತಿತು. ಪ್ರತಿ ಕಡೆಯೂ ಕೇಳಿದ್ದು ಒಂದೇ: ಹೆಸರು ಬೇಡ, ಜಮೀನಿನ ಪಿಐಡಿ ಸಂಖ್ಯೆ (ಭೂದಾಖಲೆಯಲ್ಲಿ ಪ್ರತಿ ಜಮೀನಿಗೂ ಇರುವ ಗುರುತಿನ ಸಂಖ್ಯೆ) ಹೇಳಿ. ಅಷ್ಟರಲ್ಲಿ ಬೇಸಿಗೆ ಮುಗಿದಿತ್ತು.

ಮತ ಹಾಕುವಾಗ ಪ್ಯಾರಿಶ್ ಲೆಕ್ಕಕ್ಕೆ ಬರುತ್ತದೆಯೇ?

ಬರುವುದಿಲ್ಲ. ಸ್ಥಳೀಯ ಚುನಾವಣೆಗೆ ಸ್ಥಳೀಯ ಸರ್ಕಾರದ ವಾರ್ಡು, ಪ್ರಾಂತೀಯ ಮತ್ತು ಫೆಡರಲ್ ಚುನಾವಣೆಗಳಿಗೆ ಅವುಗಳದೇ ಕ್ಷೇತ್ರಗಳು. ಮತದಾರರಾಗಲು ಕೆನಡಾದ ಪೌರತ್ವ ಮತ್ತು 18 ವರ್ಷ ಬೇಕೇ ಬೇಕು. ಪಿಆರ್ (ಕಾಯಂ ನಿವಾಸಿ) ಕಾರ್ಡ್ ಇದ್ದು ತೆರಿಗೆ ಕಟ್ಟುತ್ತಿದ್ದರೂ ಮತದ ಹಕ್ಕಿಲ್ಲ.

ಜನಗಣತಿಯಲ್ಲಿ ಪ್ಯಾರಿಶ್‌ನ ಜನಸಂಖ್ಯೆ ಬೇರೆ ಬೇರೆಯಾಗಿ ಕಾಣುವುದೇಕೆ?

ಕಾಯ್ದೆಯ ಪ್ಯಾರಿಶ್ ಬೇರೆ, ಜನಗಣತಿಯ ಪ್ಯಾರಿಶ್ ಬೇರೆ. ಕಾಯ್ದೆಯ ಪ್ರಕಾರ ಸ್ಯಾಕ್‌ವಿಲ್ ಪ್ಯಾರಿಶ್‌ನೊಳಗೆ ಸ್ಯಾಕ್‌ವಿಲ್ ಊರೂ ಇದೆ. ಸ್ಟ್ಯಾಟಿಸ್ಟಿಕ್ಸ್ ಕೆನಡಾ ಮಾತ್ರ ಪಟ್ಟಣ, ವಿಲೇಜ್, ಮೂಲನಿವಾಸಿಗಳ ಮೀಸಲು ಪ್ರದೇಶ ಇವನ್ನೆಲ್ಲ ಪ್ರತ್ಯೇಕ ಘಟಕಗಳಾಗಿ ತೆಗೆದಿಟ್ಟು, ಉಳಿದ ಹಳ್ಳಿನಾಡನ್ನಷ್ಟೇ ಪ್ಯಾರಿಶ್ ಎಂದು ಎಣಿಸುತ್ತ ಬಂದಿದೆ. ಹೀಗಾಗಿ ಪಟ್ಟಣ ಬೆಳೆದು ಗೆರೆ ಹಿಗ್ಗಿದರೆ, ಒಬ್ಬರೂ ಊರು ಬಿಡದಿದ್ದರೂ ಪ್ಯಾರಿಶ್‌ನ ಜನಸಂಖ್ಯೆ ಕುಸಿದಂತೆ ಕಾಣುತ್ತದೆ. ಹಳೆಯ ಅಂಕಿಗಳನ್ನು ಹೊಸದರೊಂದಿಗೆ ಹೋಲಿಸುವ ಮುನ್ನ ಇದನ್ನು ನೋಡಿಕೊಳ್ಳದಿದ್ದರೆ ಇಲ್ಲದ ವಲಸೆಯ ಕಥೆ ಹುಟ್ಟಿಕೊಳ್ಳುತ್ತದೆ.

ಅಂಚೆ ವಿಳಾಸದಲ್ಲಿ ಪ್ಯಾರಿಶ್ ಹೆಸರು ಬರೆಯಬೇಕೇ?

ಬೇಡ. ಮನೆ ಸಂಖ್ಯೆ, ರಸ್ತೆ, ಸಮುದಾಯದ ಹೆಸರು ಮತ್ತು ‘ಇ’ ಅಕ್ಷರದಿಂದ ಆರಂಭವಾಗುವ ಪೋಸ್ಟಲ್ ಕೋಡ್ ಸಾಕು. ಪತ್ರ ಬರೆಯುವ ಬಂಧುಗಳಿಗೆ ಇನ್ನೊಂದು ಮಾತು: ಸೇಂಟ್ ಜಾನ್ ಬೇರೆ, ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ಬೇರೆ.

ಕೆನಡಾದ ಬೇರೆ ಪ್ರಾಂತ್ಯಗಳಲ್ಲೂ ಇಂಥ ಪ್ಯಾರಿಶ್‌ಗಳಿವೆಯೇ?

ಕ್ವಿಬೆಕ್‌ನಲ್ಲಿ ‘ಪ್ಯಾರಿಶ್ ಮುನಿಸಿಪಾಲಿಟಿ’ ಎಂಬವು ಇವೆ, ಆದರೆ ಅವು ಮೇಯರ್, ಕೌನ್ಸಿಲ್ ಇರುವ ಪೂರ್ಣ ಪ್ರಮಾಣದ ಸ್ಥಳೀಯ ಸರ್ಕಾರಗಳು. ಪ್ರಿನ್ಸ್ ಎಡ್ವರ್ಡ್ ದ್ವೀಪವನ್ನು ಸ್ಯಾಮ್ಯುಯೆಲ್ ಹಾಲೆಂಡ್ ಸರ್ವೆ ಮಾಡಿದಾಗ 3 ಕೌಂಟಿ, 14 ಪ್ಯಾರಿಶ್, 67 ಲಾಟ್‌ಗಳೆಂದು ಹಂಚಿದ. ಲಾಟ್‌ಗಳ ಸಂಖ್ಯೆ ಜನರ ಬಾಯಲ್ಲಿ ಉಳಿಯಿತು, ಪ್ಯಾರಿಶ್‌ಗಳು ಕಾಗದದಲ್ಲೇ ಉಳಿದವು.

ಪ್ಯಾರಿಶ್‌ಗಳಿಗಿಂತ ಮುಂಚೆ ಈ ನೆಲ ಯಾರದಾಗಿತ್ತು?

ಸೇಂಟ್ ಜಾನ್ ನದಿಗೆ ವೊಲಸ್ತೊಕ್ ಎಂಬುದು ಮೂಲ ಹೆಸರು. ವೊಲಸ್ತೊಕಿಯಿಕ್ ಜನ ತಮ್ಮನ್ನು ಆ ನದಿಯ ಹೆಸರಿನಿಂದಲೇ ಕರೆದುಕೊಳ್ಳುತ್ತಾರೆ. ಪೂರ್ವ ಕರಾವಳಿಯ ಕಡೆ ಮಿಗ್‌ಮಾಕ್ ಜನ. 18ನೆಯ ಶತಮಾನದಲ್ಲಿ ಬ್ರಿಟಿಷರು ಇವರೊಂದಿಗೆ ಮಾಡಿಕೊಂಡ ಶಾಂತಿ ಮತ್ತು ಸ್ನೇಹದ ಒಪ್ಪಂದಗಳಲ್ಲಿ ಭೂಮಿ ಬಿಟ್ಟುಕೊಡುವ ಮಾತೇ ಇರಲಿಲ್ಲ. ಹಾಗಾಗಿ 1786ರ ಗೆರೆಗಳನ್ನು ಯಾವ ಹಕ್ಕಿನಿಂದ ಎಳೆದರು ಎಂಬ ಪ್ರಶ್ನೆ ನ್ಯಾಯಾಲಯಗಳಲ್ಲಿ ಇನ್ನೂ ಜೀವಂತವಾಗಿದೆ. ಮೀಸಲು ಪ್ರದೇಶಗಳು ಪ್ಯಾರಿಶ್‌ಗಳ ಗೆರೆಯೊಳಗೆ ಕಂಡರೂ ಸ್ಥಳೀಯ ಸರ್ಕಾರಗಳ ಆಡಳಿತಕ್ಕೆ ಒಳಪಟ್ಟಿಲ್ಲ.

ಕಡೆಗೂ, ನನ್ನ ಜಮೀನು ಯಾವುದರಲ್ಲಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಎರಡು ಕಾಗದಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಳ್ಳಿ. ಕ್ರಯಪತ್ರದಿಂದ ಪ್ಯಾರಿಶ್ ಮತ್ತು ಕೌಂಟಿ ತಿಳಿಯುತ್ತದೆ. ತೆರಿಗೆ ಚೀಟಿಯಿಂದ ನಿಮ್ಮದು ಯಾವ ಸ್ಥಳೀಯ ಸರ್ಕಾರ ಅಥವಾ ಯಾವ ಗ್ರಾಮೀಣ ಜಿಲ್ಲೆ ಎಂಬುದು ತಿಳಿಯುತ್ತದೆ. ಮೊದಲನೆಯದು ಎಲ್ಲಿ ಎಂಬುದಕ್ಕೆ ಉತ್ತರ, ಎರಡನೆಯದು ಯಾರು ಎಂಬುದಕ್ಕೆ. ಯಾವ ಕಚೇರಿಗೆ ಹೋದರೂ ಪಿಐಡಿ ಸಂಖ್ಯೆಯನ್ನು ಬರೆದುಕೊಂಡು ಹೋಗಿ. ಹಳೆಯ ಕ್ರಯಪತ್ರದಲ್ಲಿ ಮೂಲೆಗೆ ಗುರುತಾಗಿ ಒಂದು ಸ್ಪ್ರೂಸ್ ಮರವನ್ನೋ ಕಲ್ಲಿನ ಗುಪ್ಪೆಯನ್ನೋ ಬರೆದಿದ್ದರೆ, ಆ ಮರ ಈಗ ಇರಲಾರದು. ಪರವಾನಗಿ ಇರುವ ಸರ್ವೆಯರ್‌ನನ್ನು ಕರೆಸಿ ಕಬ್ಬಿಣದ ಗೂಟ ಹೊಡೆಸಿಕೊಳ್ಳಿ.